ಎಡಗಡೆಯಿಂದ ಬಲಗಡೆಗೆ ಒಂದು ಗೆರೆ

ಜೀವಮಾನವೆಲ್ಲ ನಾನು ಮಾಡಿದ ಕೆಲಸ ಯಾವುದೆಂದು ನಮ್ಮ ಮನೆಯವರಿಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ನಮ್ಮೂರು ದುದ್ದದಲ್ಲಿ ನಮ್ಮತ್ತೆಯವರನ್ನು ಯಾರಾದರೂ ಕೇಳಿದರೆ, "ನಮ್ ಗಿರಿಜಾ ಆಸ್ನದ ಆಸ್ಪತ್ರೇಲಿ ಕಂಪ್ಯೂಟ್ರು ಮುಂದೆ ಕುಂತ್ಕಂಡು ಗೆರೆ ಎಳೀತಾಳೆ ಕಣವ್ವ" ಎನ್ನುತ್ತಿದ್ದರು. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಅತ್ತೆ ಹೇಳುತ್ತಿದ್ದುದು ಸುಳ್ಳೇನಲ್ಲ. ನಾನು ಗೆರೆ ಎಳೆಯುತ್ತಿದ್ದೆ. ಪರದೆಯ ಎಡಗಡೆಯಿಂದ ಬಲಗಡೆಗೆ, ದಿನಕ್ಕೆ ನೂರಾರು.

ನಾನು ಬಿಟ್ಟ ಕುರ್ಚಿಯಲ್ಲಿ ಈಗ ಇಬ್ಬರು ಹೆಣ್ಣುಮಕ್ಕಳು ಕೂತಿದ್ದಾರೆ. ಹೋದ ತಿಂಗಳು ಅವರು ಫೋನ್ ಮಾಡಿ, "ಮೇಡಂ, ಈ ಕೆಲಸದ ಬಗ್ಗೆ ಏನಾದ್ರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದರು. ಗೆರೆ ಎಳೆಯುವ ಸಾಫ್ಟ್‌ವೇರ್ ಟೂಲನ್ನು ಹೇಗೆ ತೆರೆಯಬೇಕು, ಯಾವ ಬಟನ್ ಒತ್ತಬೇಕು ಎಂಬುದೆಲ್ಲ ಕೈಪಿಡಿಯಲ್ಲಿದೆ. ಅದು ಬೇಡ ಅವರಿಗೆ. ಅವರು ಕೇಳಿದ್ದು ಬೇರೆ ಏನೋ ಎಂದು ನನಗೆ ಅನ್ನಿಸಿತು. ಅದನ್ನು ಬರೆಯಲು ಕೂತಿದ್ದೇನೆ.

ಅದು ಒಂದು ಧರ್ಮಸಂಸ್ಥೆಯ ಆಸ್ಪತ್ರೆ. ಹಾಸನದಲ್ಲಿ ದೊಡ್ಡದು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದೊಂದು ಚಿಕ್ಕದು. ನಾನು ಸೇರಿದ್ದು ಹಾಸನದ ಕೌಂಟರಿನಲ್ಲಿ ಚೀಟಿ ಬರೆಯುವವಳಾಗಿ. ಹೆಸರು, ಗಂಡನ ಅಥವಾ ಅಪ್ಪನ ಹೆಸರು, ಊರು, ವಯಸ್ಸು, ಏನು ತೊಂದರೆ. ಆಮೇಲೆ ಕಂಪ್ಯೂಟರ್ ಬಂತು. ಆದರೆ ನಾಲ್ಕೂ ಊರಿಗೆ ಒಂದೇ ಸಲ ಬರಲಿಲ್ಲ. ಒಂದೊಂದು ಊರಿನವರು ಒಂದೊಂದು ಕಾಲದಲ್ಲಿ ಕೈಗೆ ಸಿಕ್ಕ ಸಾಫ್ಟ್‌ವೇರ್ ಹಾಕಿಸಿಕೊಂಡರು. ಹಾಗಾಗಿ ಅರಕಲಗೂಡಿನ ರೋಗಿ ಹಾಸನಕ್ಕೆ ಬಂದರೆ ಇಲ್ಲಿನ ಕಂಪ್ಯೂಟರಿಗೆ ಅವರು ಹೊಸಬರು. ಅಲ್ಲಿನ ಹಳೇ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬರಬೇಕಿತ್ತು. ಬಸ್ಸಿನಲ್ಲಿ ಕವರ್ ಮರೆತು ಬಂದವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಅವರು ಕೌಂಟರಿನ ಮುಂದೆ ನಿಂತು ಎರಡು ಕೈಯನ್ನೂ ನೋಡಿಕೊಳ್ಳುವರು.

ನಾಲ್ಕೂ ಊರಿನ ದಾಖಲೆಗಳನ್ನು ಒಂದೇ ರೂಪಕ್ಕೆ ತರಬೇಕೆಂದು ಸಂಸ್ಥೆಯವರು ತೀರ್ಮಾನ ಮಾಡಿದಾಗ ಆ ಕೆಲಸ ನಮ್ಮ ಮೇಲಧಿಕಾರಿ ಚನ್ನಬಸಪ್ಪನವರ ತಲೆಗೆ ಬಂತು. ಅವರಿಗೆ ಒಬ್ಬರು ಜೊತೆ ಬೇಕಿತ್ತು. ಎಲ್ಲರನ್ನೂ ಬಿಟ್ಟು ನನ್ನನ್ನು ಯಾಕೆ ಕರೆದರೋ ನನಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಓದಿದವಳಲ್ಲ ನಾನು. ಕೇಳಿದ್ದಕ್ಕೆ ಅವರು, "ನೋಡಮ್ಮ, ಕಂಪ್ಯೂಟ್ರು ಗೊತ್ತಿರೋರು ಸಿಗ್ತಾರೆ. ರೋಗಿಗಳ ಮುಖ ಗೊತ್ತಿರೋರು ಬೇಕು" ಎಂದರು. ಅವರು ಮಿತಭಾಷಿ. ಆ ದಿನ ಮಾತಾಡಿದ್ದು ಅಷ್ಟೇ.

ಮೊದಮೊದಲು ಈ ಕೆಲಸವನ್ನು ಮೈಸೂರಿನಿಂದ ಬರುತ್ತಿದ್ದ ಒಬ್ಬ ಪ್ರೋಗ್ರಾಮರ್ ಮಾಡುತ್ತಿದ್ದರು. ಅವರು ಬರೆದ ಪ್ರೋಗ್ರಾಮು ನಮಗೆ ಅರ್ಥವಾಗುತ್ತಿರಲಿಲ್ಲ. ಒಂದು ಅಕ್ಷರ ಬದಲಾಗಬೇಕಿದ್ದರೂ ಅವರು ಮತ್ತೆ ಬರುವತನಕ ಕಾಯಬೇಕು. ಆಮೇಲೆ ಗೆರೆ ಎಳೆಯುವ ಟೂಲ್ ಬಂತು. ಅದು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊರಗೆ ಸೋನೆ ಮಳೆ, ಕಿಟಕಿಯ ಗಾಜಿನ ಮೇಲೆ ನೀರಿನ ಎಳೆಗಳು ಇಳಿಯುತ್ತಿದ್ದವು. ಪರದೆಯ ಮೇಲೂ ಅದೇ ತರಹದ ಎಳೆಗಳು. ಎರಡನ್ನೂ ನೋಡುತ್ತ ನಾನು ಸ್ವಲ್ಪ ಹೊತ್ತು ಎಲ್ಲಿದ್ದೇನೆಂಬುದನ್ನೇ ಮರೆತುಬಿಟ್ಟೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಳೇ ಸಾಫ್ಟ್‌ವೇರುಗಳಿಂದ ದಾಖಲೆಗಳನ್ನು ಹೊರತೆಗೆದಾಗ ಅವು ಎಕ್ಸ್‌ಎಂಎಲ್ ಎಂಬ ರೂಪದಲ್ಲಿ ಬರುತ್ತಿದ್ದವು. ಪ್ರತಿಯೊಂದು ಮಾಹಿತಿಗೂ ಮುಂದೊಂದು ಹಿಂದೊಂದು ಚೀಟಿ ಅಂಟಿಸಿದಂತೆ ಅದು. 'ಊರು' ಎಂದು ಒಂದು ಚೀಟಿ, ಆಮೇಲೆ ದುದ್ದ, ಆಮೇಲೆ 'ಊರು ಮುಗಿಯಿತು' ಎಂದು ಇನ್ನೊಂದು ಚೀಟಿ. ಡಬ್ಬದೊಳಗೆ ಡಬ್ಬ ಇಟ್ಟ ಹಾಗೆ ಜೋಡಣೆ. ರೋಗಿ ಎಂಬ ಡಬ್ಬದೊಳಗೆ ವಿಳಾಸದ ಡಬ್ಬ, ಅದರ ಪಕ್ಕ ಕಾಯಿಲೆಗಳ ಡಬ್ಬ, ಅದರೊಳಗೆ ಒಂದೊಂದು ಭೇಟಿಯ ಡಬ್ಬ. ತೊಂದರೆ ಏನೆಂದರೆ, ಒಂದೊಂದು ಊರಿನವರು ಡಬ್ಬಗಳನ್ನು ಜೋಡಿಸಿಟ್ಟ ಬಗೆ ಬೇರೆ. ಟೂಲ್ ಏನು ಮಾಡುತ್ತಿತ್ತೆಂದರೆ, ಹಳೇ ಜೋಡಣೆಯನ್ನು ಪರದೆಯ ಎಡಕ್ಕೆ, ಹೊಸ ಜೋಡಣೆಯನ್ನು ಬಲಕ್ಕೆ ತೋರಿಸುತ್ತಿತ್ತು. ಇಲ್ಲಿಂದ ಅಲ್ಲಿಗೆ ಮೌಸ್ ಹಿಡಿದು ಗೆರೆ ಎಳೆದರೆ ಇಲ್ಲಿನ ಮಾಹಿತಿ ಅಲ್ಲಿಗೆ ಹೋಗಿ ಕೂರುತ್ತಿತ್ತು. ಮಧ್ಯದಲ್ಲಿ ಸಣ್ಣ ಪೆಟ್ಟಿಗೆಗಳನ್ನು ಇಡಬಹುದಿತ್ತು. ಎರಡನ್ನು ಸೇರಿಸುವುದು, ಒಂದನ್ನು ಒಡೆಯುವುದು, ಬೇಡದ್ದನ್ನು ತಡೆಯುವುದು, ಇವೆಲ್ಲ ಆ ಪೆಟ್ಟಿಗೆಗಳ ಕೆಲಸ.

ಇಷ್ಟೇ ಕೆಲಸ. ಆದರೆ ಅದರಲ್ಲಿ ಮುಳುಗಿದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮಾಗಿಯ ಬೆಳಿಗ್ಗೆ ದುದ್ದದಿಂದ ಬಸ್ಸಿನಲ್ಲಿ ಬರುವಾಗ ಮಂಜಿನೊಳಗಿಂದ ಒಂದೊಂದೇ ತೆಂಗಿನ ಮರ ಎದ್ದು ಬಂದು ಹಿಂದಕ್ಕೆ ಸರಿದು ಹೋಗುತ್ತಿತ್ತು. ಅರೆನಿದ್ದೆಯಲ್ಲಿ ನಾನು ಆ ಮರಗಳಿಂದ ರಸ್ತೆಯ ಈಚೆಗಿನ ಮರಗಳಿಗೆ ಗೆರೆ ಎಳೆಯುತ್ತ ಬರುತ್ತಿದ್ದೆ. ಹೊಲದಲ್ಲಿ ರಾಗಿ ಕೊಯ್ಯುವ ಹೆಂಗಸಿನಿಂದ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ಒಂದು ಗೆರೆ. ಅವಳ ಕೈಯ ಹಾಲಿನ ಕ್ಯಾನಿನಿಂದ ಯಾರದೋ ಮನೆಯ ಒಲೆಗೆ ಒಂದು ಗೆರೆ. ಕಂಡಕ್ಟರ್ "ಅಕ್ಕಾ, ಬಸ್‌ಸ್ಟ್ಯಾಂಡ್ ಬಂತು" ಎನ್ನುವವರೆಗೆ ಇದೇ.

ಮೊದಲ ಎಡವಟ್ಟು ಹೆಸರಿನದು. ಹೊಸ ಜೋಡಣೆಯಲ್ಲಿ 'ಮೊದಲ ಹೆಸರು', 'ಕೊನೆಯ ಹೆಸರು' ಎಂದು ಎರಡು ಜಾಗ ಇದ್ದವು. ಅದನ್ನು ಮಾಡಿದವರು ನಮ್ಮ ಕಡೆಯವರಲ್ಲ. ನಾನು ಹೆಸರನ್ನು ತೆಗೆದುಕೊಂಡು, ಎಲ್ಲಿ ಖಾಲಿ ಜಾಗ ಇದೆಯೋ ಅಲ್ಲಿ ಒಡೆಯುವ ಪೆಟ್ಟಿಗೆ ಇಟ್ಟೆ. ಮೊದಲ ತುಂಡು ಮೊದಲ ಹೆಸರಿಗೆ, ಉಳಿದದ್ದು ಕೊನೆಯ ಹೆಸರಿಗೆ. ಪರೀಕ್ಷೆಗೆ ನಾಲ್ಕು ದಾಖಲೆ ನೋಡಿದೆ, ಸರಿಯಾಗಿತ್ತು. ಮಾರನೇ ದಿನ ಬೆಳಿಗ್ಗೆ ಹಾಸನದ ಹೊರರೋಗಿ ವಿಭಾಗದಲ್ಲಿ ಸಿಸ್ಟರ್ ಪರದೆ ನೋಡಿ ಮೊದಲ ಹೆಸರು ಕೂಗಿದರು.

"ಹೆಚ್."

ಯಾರೂ ಏಳಲಿಲ್ಲ. ಸಿಸ್ಟರ್ ಮತ್ತೆ ಕೂಗಿದರು. "ಹೆಚ್ ಯಾರ್ರೀ? ಹೆಚ್?"

ಬೆಂಚಿನ ಮೇಲೆ ಕೂತವರಲ್ಲಿ ಐದಾರು ಜನ ಒಟ್ಟಿಗೆ ಎದ್ದರು. ಹಾಸನದವರಲ್ಲವೇ, ಊರ ಹೆಸರಿನಿಂದ ಎಷ್ಟೋ ಜನರ ಇನಿಷಿಯಲ್ ಹೆಚ್. ಎಲ್ಲರ ಮೊದಲ ಹೆಸರೂ ಹೆಚ್ ಆಗಿಬಿಟ್ಟಿತ್ತು. ಚನ್ನರಾಯಪಟ್ಟಣದಲ್ಲಿ ಎಲ್ಲರೂ ಸಿ. ಅಲ್ಲಿನ ಒಬ್ಬ ಯಜಮಾನರು, "ನಮ್ಮಪ್ಪ ಅಷ್ಟುದ್ದ ಹೆಸ್ರು ಇಟ್ಟಿದ್ನಲ್ಲ, ಅದನ್ನೆಲ್ಲ ಎತ್ಲಾಗ್ ಆಕಿದ್ರಿ?" ಎಂದು ಕೇಳಿದರಂತೆ. ನಾನು ಅವತ್ತೇ ಕೂತು ಗೆರೆಗಳನ್ನು ಅಳಿಸಿ, ಇಡೀ ಹೆಸರು ಒಂದೇ ಜಾಗಕ್ಕೆ ಹೋಗುವಂತೆ ಮಾಡಿದೆ. ಇನ್ನೊಂದು ಜಾಗ ಕಡ್ಡಾಯ ಎಂದು ಟೂಲ್ ಕೆಂಪು ಗುರುತು ತೋರಿಸಿತು. ಅಲ್ಲಿ ಒಂದು ಚುಕ್ಕೆ ಇಟ್ಟೆ. ಈಗಲೂ ನಮ್ಮ ರೋಗಿಗಳೆಲ್ಲರ ಕೊನೆಯ ಹೆಸರು ಒಂದು ಚುಕ್ಕೆ. ಹೊಸಬರು ಅದನ್ನು ಸರಿಪಡಿಸಲು ಹೋಗಬೇಡಿ.

ಹೆಸರಿನ ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಒಬ್ಬರೇ ರೋಗಿ ಎರಡು ಊರಿನ ಆಸ್ಪತ್ರೆಗೆ ಹೋಗಿದ್ದರೆ ಅವರ ಎರಡು ದಾಖಲೆಗಳನ್ನು ಸೇರಿಸಿ ಒಂದು ಮಾಡಬೇಕಿತ್ತು. ಹೆಸರು, ಗಂಡನ ಹೆಸರು, ಊರು ಮೂರೂ ಒಂದೇ ಆದರೆ ಅವರು ಒಬ್ಬರೇ ಎಂದು ನಾನು ಪೆಟ್ಟಿಗೆಗೆ ಹೇಳಿಕೊಟ್ಟಿದ್ದೆ. ಒಂದು ಮಧ್ಯಾಹ್ನ ಮೊಸಳೆ ಎಂಬ ಊರಿನಿಂದ ಇಬ್ಬರು ಹೆಂಗಸರು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ಇಬ್ಬರ ತಲೆಯೂ ಬೆಳ್ಳಗೆ. ಆ ಊರಿನ ಅವಳಿ ಗುಡಿಗಳ ಹಾಗೆ ಒಂದೇ ಅಂತರದಲ್ಲಿ ಪಕ್ಕಪಕ್ಕ ನಿಂತಿದ್ದರು.

"ಕಂಪ್ಯೂಟ್ರಮ್ಮ ನೀವೇ ಏನವ್ವ?" ದಪ್ಪಗಿದ್ದವರು ಕೇಳಿದರು.

"ಹೌದು, ಬನ್ನಿ. ಏನಾಗಬೇಕಿತ್ತು?"

"ನಾನು ನಿಂಗಮ್ಮ. ಇವಳೂ ನಿಂಗಮ್ಮ. ನನ್ ಗಂಡ ಕಾಳೇಗೌಡ. ಇವಳ್ ಗಂಡನೂ ಕಾಳೇಗೌಡ. ಆದ್ರೆ ಬ್ಯಾರೆ ಬ್ಯಾರೆ ಕಾಳೇಗೌಡ ಕಣವ್ವ."

ತೆಳ್ಳಗಿದ್ದವರು ಕೈಯಲ್ಲಿದ್ದ ಮಾತ್ರೆಯ ಪೊಟ್ಟಣ ತೋರಿಸಿದರು. "ಇವಳಿಗೆ ಸಕ್ರೆ ಕಾಯ್ಲೆ. ನಂಗಿಲ್ಲ. ನಂಗಿರೋದು ಬೀಪಿ ಮಾತ್ರ. ಇವತ್ತು ನಂಗೂ ಸಕ್ರೆ ಮಾತ್ರೆ ಕೊಟ್ಟವ್ರೆ. ನುಂಗದೋ ಬ್ಯಾಡ್ವೋ ಅಂತ ಕೇಳಾನ ಅಂತ ಬಂದೋ."

ಆ ಮಾತ್ರೆ ನುಂಗಿದ್ದರೆ ಸಕ್ಕರೆ ಇಳಿದು ಆಕೆ ದಾರಿಯಲ್ಲೇ ಬಿದ್ದಿರುತ್ತಿದ್ದರು. ಪೊಟ್ಟಣ ಇಸಿದುಕೊಂಡು, ಇಬ್ಬರನ್ನೂ ಕೂರಿಸಿ, ಪರದೆ ನೋಡಿದೆ. ಇಬ್ಬರು ಹೆಂಗಸರು ಸೇರಿ ಒಂದು ದಾಖಲೆಯಾಗಿದ್ದರು. ಗೆರೆಗಳೆಲ್ಲ ಚೆಂದವಾಗಿ ಬಂದು ಒಂದೇ ಕಡೆ ಕೂಡಿದ್ದವು. ನೋಡಲು ಯಾವ ತಪ್ಪೂ ಕಾಣುತ್ತಿರಲಿಲ್ಲ.

"ನಿಮ್ಮೂರಲ್ಲಿ ನಿಮ್ಮಿಬ್ಬರನ್ನ ಹೇಗೆ ಗುರುತು ಹಿಡೀತಾರೆ?" ಎಂದು ಕೇಳಿದೆ.

"ನಾನು ತ್ವಾಟದ ಮನೆ ನಿಂಗಿ. ಇವಳು ಮೇಗ್ಲು ಬೀದಿ ನಿಂಗಿ" ಎಂದರು ದಪ್ಪಗಿದ್ದವರು, ಇದನ್ನೂ ಕೇಳಬೇಕೇ ಎಂಬಂತೆ.

ಆ ಮಾಹಿತಿ ಹಳೇ ದಾಖಲೆಯಲ್ಲಿ ಇತ್ತು. ವಿಳಾಸದ ಡಬ್ಬದ ತಳದಲ್ಲಿ 'ಮನೆ ಗುರುತು' ಎಂಬ ಜಾಗದಲ್ಲಿ. ಅದಕ್ಕೆ ಗೆರೆ ಎಳೆಯುವ ಅಗತ್ಯವಿಲ್ಲ ಎಂದುಕೊಂಡು ನಾನೇ ಬಿಟ್ಟಿದ್ದೆ. ಹೀಗೆ ಬೇರೆ ಯಾರ್ಯಾರು ಒಂದಾಗಿಬಿಟ್ಟಿದ್ದಾರೆಂದು ಹುಡುಕಿ ಬೇರ್ಪಡಿಸಲು ಎರಡು ವಾರ ಹಿಡಿಯಿತು. ಅಷ್ಟರವರೆಗೆ ಔಷಧಿ ಕೌಂಟರಿನಲ್ಲಿ ಪ್ರತಿಯೊಬ್ಬರನ್ನೂ ಬಾಯಿಬಿಟ್ಟು ಕೇಳಿಯೇ ಕೊಡುವಂತೆ ಚನ್ನಬಸಪ್ಪನವರು ಮಾಡಿದರು. ನಿಂಗಮ್ಮಂದಿರು ಆಮೇಲೂ ಒಟ್ಟಿಗೇ ಬರುತ್ತಿದ್ದರು. ಒಂದು ಸಲ ಒಬ್ಬರ ಬದಲು ಇನ್ನೊಬ್ಬರು ಪರೀಕ್ಷೆಗೆ ರಕ್ತ ಕೊಟ್ಟು ಹೋಗುವುದರಲ್ಲಿದ್ದರು. ಕೇಳಿದರೆ, "ಇವಳಿಗೆ ಸೂಜಿ ಅಂದ್ರೆ ಭಯ ಕಣವ್ವ" ಎಂದರು ತ್ವಾಟದ ಮನೆಯವರು. ಅದಕ್ಕೆ ಯಾವ ಟೂಲಿನಲ್ಲೂ ಪೆಟ್ಟಿಗೆ ಇಲ್ಲ.

ಇನ್ನು ಅರಕಲಗೂಡಿನ ಸಂಗತಿ. ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದೆ ಹೋದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಅರಕಲಗೂಡಿನ ಹಳೇ ದಾಖಲೆಗಳಲ್ಲಿ 'ಒಗ್ಗದ ವಸ್ತು' ಎಂಬ ಡಬ್ಬ ಎಷ್ಟು ಸಲ ಬೇಕಾದರೂ ಬರಬಹುದಿತ್ತು. ಒಬ್ಬರಿಗೆ ಧೂಳು ಒಗ್ಗುವುದಿಲ್ಲ, ಒಂದು ಇಂಜೆಕ್ಷನ್ ಒಗ್ಗುವುದಿಲ್ಲ ಎಂದರೆ ಎರಡು ಡಬ್ಬ. ಹೊಸ ಜೋಡಣೆಯಲ್ಲಿ ಅದಕ್ಕೆ ಒಂದೇ ಜಾಗ. ನಾನು ಎಡದಿಂದ ಬಲಕ್ಕೆ ಗೆರೆ ಎಳೆದೆ. ಟೂಲ್ ಕೆಂಪು ಗುರುತು ತೋರಿಸಲಿಲ್ಲ. ಮೊದಲನೆಯದನ್ನು ತೆಗೆದುಕೊಂಡು ಉಳಿದದ್ದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತು. ಆ ದಿನ ಮಧ್ಯಾಹ್ನ ಬಿಸಿಲು ಹಿತವಾಗಿತ್ತು, ಕಿಟಕಿಯ ಹೊರಗೆ ಹೊಂಗೆ ಮರದಲ್ಲಿ ಜೇನುಹುಳು ಗುಂಯ್‌ಗುಟ್ಟುತ್ತಿದ್ದವು, ಗೆರೆಗಳು ಒಂದರ ಹಿಂದೆ ಒಂದು ತಾವಾಗಿಯೇ ಬರುತ್ತಿದ್ದವು. ನನ್ನ ಮನಸ್ಸು ಎಲ್ಲೋ ತೇಲುತ್ತಿತ್ತು. ಅಷ್ಟು ಸುಖವಾಗಿ ಕೆಲಸ ಸಾಗಿದ ದಿನ ಬೇರೊಂದಿಲ್ಲ. ತಪ್ಪು ಆದದ್ದು ಅವತ್ತೇ.

ಹದಿನೈದು ದಿನದ ಮೇಲೆ ಅರಕಲಗೂಡಿನಿಂದ ಸಿಸ್ಟರ್ ಜಯಮ್ಮ ಫೋನ್ ಮಾಡಿದರು. ಅವರು ಅಲ್ಲಿನ ಹಳೇ ದಾದಿ. ತಿಮ್ಮೇಗೌಡ ಎಂಬ ರೈತರು ಕಾಲಿಗೆ ಕುಡುಗೋಲು ತಾಗಿ, ಗಾಯ ಕೀವಾಗಿ ಬಂದಿದ್ದರಂತೆ. ಹೊಸ ಡಾಕ್ಟರು ಪರದೆ ನೋಡಿದರು. ಒಗ್ಗದ ವಸ್ತು ಎಂಬಲ್ಲಿ 'ಧೂಳು' ಎಂದಷ್ಟೇ ಇತ್ತು. ಪೆನ್ಸಿಲಿನ್ ಬರೆದುಕೊಟ್ಟರು. ಜಯಮ್ಮ ಸಿರಿಂಜಿಗೆ ಔಷಧಿ ಎಳೆದುಕೊಂಡು ಅಭ್ಯಾಸದ ಮೇಲೆ ಕೇಳಿದರು, "ಗೌಡ್ರೇ, ಯಾವ್ದಾದ್ರೂ ಇಂಜೆಕ್ಷನ್ ಆಗಲ್ಲ ಅಂತ ಇದ್ಯಾ?"

"ಅದನ್ನೆಲ್ಲ ಆವಾಗ್ಲೇ ಕಂಪ್ಯೂಟ್ರಲ್ಲಿ ಬರ್ಸಿವ್ನಲ್ಲವ್ವ."

"ಕಂಪ್ಯೂಟ್ರಲ್ಲಿ ಇರ್ಲಿ. ನೀವು ಬಾಯಲ್ಲಿ ಹೇಳಿ."

"ಅದ್ಯಾವ್ದೋ ಪೆನ್ಸಿಲ್ ಅಂತಾರಲ್ಲ, ಅದು. ಇಲ್ಲೇ ಒಂದ್ಸಲ ಕೊಟ್ಟಿದ್ರು. ಮಖ ಎಲ್ಲ ಊದ್ಕಂಡು ಉಸ್ರೇ ನಿಂತೋಗಿತ್ತು."

ಜಯಮ್ಮ ಸಿರಿಂಜನ್ನು ಟ್ರೇಯಲ್ಲಿ ಇಟ್ಟು ಫೋನ್ ಎತ್ತಿದ್ದರು. "ಗಿರಿಜಮ್ಮ, ಔಷಧಿ ಎಳೆದ ಸಿರಿಂಜು ಇನ್ನೂ ನನ್ನ ಮುಂದೇನೇ ಇದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಚನ್ನಬಸಪ್ಪನವರ ಮುಂದೆ ಹೋಗಿ ನಿಂತು ಆದದ್ದನ್ನೆಲ್ಲ ಹೇಳಿದೆ. ಗೆರೆ ಎಳೆದವಳು ನಾನೇ, ಎರಡನೇ ಡಬ್ಬ ಇರಬಹುದೆಂದು ಯೋಚಿಸಲಿಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರ ತಪ್ಪು ಅನ್ನೋದು ನಾಳೆ. ಇವತ್ತು ಎಷ್ಟು ಜನಕ್ಕೆ ಹಿಂಗಾಗಿದೆ ನೋಡು."

ಮೊದಲು ನಾಲ್ಕೂ ಊರಿಗೆ ಫೋನ್ ಮಾಡಿ, ಹೊಸ ಪರದೆಯಲ್ಲಿ ಆ ಜಾಗವನ್ನು ಯಾರೂ ನಂಬಬಾರದೆಂದು ಹೇಳಿಸಿದರು. ಹಳೇ ಫೈಲುಗಳಿಂದ ಎರಡು ಅಥವಾ ಅದಕ್ಕಿಂತ ಹೆಚ್ಚು ಡಬ್ಬ ಇದ್ದವರ ಪಟ್ಟಿ ತೆಗೆದೆವು. ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಫೋನಿಲ್ಲದವರ ಊರಿಗೆ ಆಶಾ ಕಾರ್ಯಕರ್ತೆಯರು ಹೋಗಿ ಹೇಳಿ ಬಂದರು. ಯಾರಿಗೂ ಏನೂ ಆಗಿರಲಿಲ್ಲ. ಆಗದೆ ಇದ್ದದ್ದು ನನ್ನ ಹೆಚ್ಚುಗಾರಿಕೆಯಲ್ಲ.

ಅದೆಲ್ಲ ಮುಗಿದ ಮೇಲೆ ನಾವಿಬ್ಬರೂ ಬಸ್ಸು ಹಿಡಿದು ಅರಕಲಗೂಡಿಗೆ ಹೋದೆವು. ಊರು ಹತ್ತಿರ ಬಂದಾಗ ಚನ್ನಬಸಪ್ಪನವರು, "ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಮಗುವಿನ ರಕ್ತದ ಗುಂಪು ತಪ್ಪಾಗಿ ಕಾಪಿ ಮಾಡಿದ್ದೆ. ಲ್ಯಾಬಿನೋರು ಹಿಡಿದ್ರು. ಅವತ್ತಿಂದ ನಾನು ಏನೇ ಬರೆದ್ರೂ ಎರಡು ಸಲ ಓದ್ತೀನಿ. ಮನೆ ಸಾಮಾನಿನ ಚೀಟಿ ಕೂಡ" ಎಂದರು. ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದರು. ಸಂಸ್ಥೆಯವರಿಗೆ ಕಳಿಸಿದ ವರದಿಯಲ್ಲಿ ಅವರು 'ಪರಿಶೀಲಿಸಿ ಒಪ್ಪಿಗೆ ಕೊಟ್ಟವನು ನಾನು' ಎಂದು ಬರೆದು ಸಹಿ ಹಾಕಿದ್ದರೆಂದು ನನಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ.

ತಿಮ್ಮೇಗೌಡರು ಆಸ್ಪತ್ರೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಬೇರೆ ಔಷಧಿಯಲ್ಲಿ ಗಾಯ ಒಣಗುತ್ತಿತ್ತು. ನಾನು ನಡೆದದ್ದನ್ನು ಹೇಳಿ ತಪ್ಪಾಯಿತೆಂದು ಕೇಳಿಕೊಂಡೆ. ಅವರು ಕಾಲಿನ ಕಟ್ಟನ್ನು ಸರಿಮಾಡಿಕೊಂಡರು.

"ನಾನು ಕಂಪ್ಯೂಟ್ರು ಮ್ಯಾಲೆ ಬುಟ್ಟು ಕುಂತಿದ್ದೆ. ನೀನೂವೆ ಅದ್ರ ಮ್ಯಾಲೇ ಬುಟ್ಟು ಕುಂತಿದ್ದೆ" ಎಂದರು. "ಆ ಜಯಮ್ಮ ಒಬ್ಳು ಬುಡ್ಲಿಲ್ಲ ನೋಡವ್ವ."

ಆಮೇಲೆ ನಾನು ಗೆರೆ ಎಳೆಯುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ: ಇದು ಎಷ್ಟು ಸಲ ಬರಬಹುದು, ಬಾರದೆಯೂ ಇರಬಹುದೇ, ಎಲ್ಲಿಗೆ ಹೋಗದೆ ಉಳಿಯಬಹುದು. ಗೆರೆ ಎಳೆದ ಮೇಲೆ ನೋಡಬೇಕಾದದ್ದು ಗೆರೆ ಇಲ್ಲದ ಜಾಗಗಳನ್ನು. ಈಗಿನ ಟೂಲುಗಳು ತಾವೇ ಊಹಿಸಿ ಗೆರೆ ಹಾಕಿ ತೋರಿಸುತ್ತವೆ. ನನ್ನ ಕೊನೆಯ ವರ್ಷಗಳಲ್ಲಿ ಅಂಥದೊಂದು ಬಂತು. ಹುಟ್ಟಿದ ದಿನ, ಆಸ್ಪತ್ರೆಗೆ ಬಂದ ದಿನ ಎರಡೂ ತಾರೀಖುಗಳೇ ಆದ್ದರಿಂದ ಅದು ಒಂದನ್ನು ಇನ್ನೊಂದಕ್ಕೆ ಜೋಡಿಸಿಕೊಂಡಿತು. ಹೊಳೆನರಸೀಪುರದವರು ಕಳಿಸಿದ್ದ ಒಂದು ಕಂತಿನಲ್ಲಿ ಅಜ್ಜ ಅಜ್ಜಿಯರೆಲ್ಲ ಅಂದೇ ಹುಟ್ಟಿದ ಶಿಶುಗಳಾಗಿದ್ದರು. ಅದನ್ನು ಜಾರಿಗೆ ಬರುವ ಮೊದಲೇ ಹಿಡಿದೆ. ಪರದೆಯ ಮೇಲೆ ಆ ಪಟ್ಟಿ ನೋಡುತ್ತಿದ್ದಾಗ ಬಿಳಿ ಕೂದಲಿನ ಅಷ್ಟೂ ಜನ ತೊಟ್ಟಿಲಲ್ಲಿ ಮಲಗಿ ತೂಗುತ್ತಿರುವಂತೆ ಕಣ್ಣಿಗೆ ಕಟ್ಟಿತು. ನಗುವೂ ಬಂತು, ಏನೋ ಸಂಕಟವೂ ಆಯಿತು.

ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ಹೊಳೆನರಸೀಪುರದಿಂದ ವೀಣಾ ಡಾಕ್ಟರು ಫೋನ್ ಮಾಡಿದರು. ಅವರು ಅಲ್ಲಿ ಹೆಂಗಸರ ಕಾಯಿಲೆ ನೋಡುವವರು. ಸವಿತಾ ಎಂಬ ಮೂವತ್ತೈದರ ಆಚೀಚೆಯ ಹೆಣ್ಣುಮಗಳು ಹೊಟ್ಟೆ ಉಬ್ಬರ, ಸುಸ್ತು ಎಂದು ಬಂದಿದ್ದಳಂತೆ. ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು.

"ಮನೇಲಿ ಯಾರಿಗಾದ್ರೂ ದೊಡ್ಡ ಕಾಯಿಲೆ ಇತ್ತಾ ಅಂತ ಕೇಳಿದೆ ಗಿರಿಜಮ್ಮ" ಎಂದರು ಡಾಕ್ಟರು. "ತಾಯಿ ಚಿಕ್ಕ ವಯಸ್ಸಲ್ಲೇ ಹೋದ್ರು, ಕಾಮಾಲೆ ಅಂತ ಅಪ್ಪ ಹೇಳ್ತಿದ್ರು ಅಂದ್ಳು. ಅಪ್ಪನೂ ಈಗಿಲ್ಲ. ತಾಯಿ ಹೆಸರು ಸಾಕಮ್ಮ. ತೋರಿಸಿದ್ದು ನಮ್ಮಲ್ಲೇ ಅಂತೆ. ಆದ್ರೆ ನನ್ನ ಪರದೇಲಿ ಅಂಥವ್ರು ಯಾರೂ ಇಲ್ಲ."

ಇರುವುದಿಲ್ಲ. ಅದು ನನಗೆ ಕೂಡಲೇ ಹೊಳೆಯಿತು. ಹೊಸ ಜೋಡಣೆಗೆ ತರುವಾಗ, ತೀರಿಕೊಂಡವರ ದಾಖಲೆಗಳು ಬೇಡವೆಂದು ತೀರ್ಮಾನವಾಗಿತ್ತು. "ಅವ್ರು ಇನ್ನು ಟೋಕನ್ ತಗೊಳ್ಳೋಕೆ ಬರಲ್ವಲ್ಲಮ್ಮ" ಎಂದಿದ್ದರು ಚನ್ನಬಸಪ್ಪನವರು. ಮರಣದ ದಿನಾಂಕ ಇದ್ದವರನ್ನು ತಡೆಯುವ ಪೆಟ್ಟಿಗೆಯನ್ನು ನಾನೇ ಇಟ್ಟಿದ್ದೆ. ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಹಳೇ ಫೈಲುಗಳನ್ನು ಅಳಿಸಲು ಸಂಸ್ಥೆಯವರು ಹೇಳಿ ಎಷ್ಟೋ ಕಾಲವಾಗಿತ್ತು. ಆದರೂ ಚನ್ನಬಸಪ್ಪನವರ ಮನೆಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಐದು ವರ್ಷವಾಗಿತ್ತು.

"ಅಳಿಸು ಅಂದಿದ್ರು" ಎಂದರು ಅವರು. "ನನ್ನ ಕೈಲಿ ಆಗ್ಲಿಲ್ಲಮ್ಮ. ಆಫೀಸಿನ ಕಬ್ಬಿಣದ ಬೀರು ಕೆಳಗಿನ ಖಾನೇಲಿ ನೋಡು, ಒಂದು ಬಿಸ್ಕೆಟ್ ಡಬ್ಬ ಇರುತ್ತೆ."

ಇತ್ತು. ಡಬ್ಬದೊಳಗೆ ಬಟ್ಟೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಅದರಲ್ಲಿ ನಾಲ್ಕೂ ಊರಿನ ಹಳೇ ದಾಖಲೆಗಳು ಒಂದೂ ಬಿಡದೆ ಇದ್ದವು. ತಡೆಯುವ ಪೆಟ್ಟಿಗೆಯನ್ನು ತಿರುಗಿಸಿಟ್ಟೆ, ಬದುಕಿದ್ದವರನ್ನು ಬಿಟ್ಟು ತೀರಿಕೊಂಡವರು ಮಾತ್ರ ಬರುವಂತೆ. ಪರದೆಯ ತುಂಬ ಹೆಸರುಗಳು ಏಳತೊಡಗಿದವು. ಎಷ್ಟೋ ಮುಖಗಳು ನನಗೆ ಗೊತ್ತಿದ್ದವು. ಕೌಂಟರಿನಲ್ಲಿ ಚೀಟಿ ಬರೆಯುತ್ತಿದ್ದ ಕಾಲದಲ್ಲಿ ನಾನೇ ಊರು, ವಯಸ್ಸು ಕೇಳಿ ಬರೆದುಕೊಂಡವರು. ಬೆಳಗಿನ ಮಂಜಿನಲ್ಲಿ ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ನಿಂತಿದ್ದರು. ಅವರ ನಡುವೆ ಸಾಕಮ್ಮ ಸಿಕ್ಕರು; ಗಂಡನ ಹೆಸರು, ಮನೆ ಗುರುತು ಎರಡೂ ಸವಿತಾ ಹೇಳಿದ್ದಕ್ಕೆ ಹೊಂದಿದವು.

ಕಾಯಿಲೆ: ಅಂಡಾಶಯದ ಕ್ಯಾನ್ಸರ್. ಅದರ ಕೆಳಗೆ ಟಿಪ್ಪಣಿಗೆಂದು 'ಷರಾ' ಎಂಬ ಜಾಗ. ಹೊಸ ಜೋಡಣೆಯಲ್ಲಿ ಷರಾ ಎಂಬುದೇ ಇರಲಿಲ್ಲ, ಆದ್ದರಿಂದ ಅದಕ್ಕೆ ಯಾವ ಊರಿನಿಂದಲೂ ಗೆರೆ ಇಲ್ಲ. ಅಲ್ಲಿ ಯಾರೋ, ಬಹುಶಃ ಅಂದಿನ ದಾದಿ, ಹೀಗೆ ಟೈಪ್ ಮಾಡಿದ್ದರು:

'ಮಗಳು ಏಳನೇ ಕ್ಲಾಸ್. ಈಗ ಅವಳಿಗೆ ಹೇಳಬೇಡಿ ಎಂದು ರೋಗಿ ಕೇಳಿಕೊಂಡಿದ್ದಾರೆ. ದೊಡ್ಡವಳಾದ ಮೇಲೆ ಬಂದರೆ ಎಲ್ಲಾ ಹೇಳಿ, ಅವಳನ್ನೂ ಪರೀಕ್ಷೆ ಮಾಡಿ ಎಂದಿದ್ದಾರೆ.'

ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ವೀಣಾ ಡಾಕ್ಟರಿಗೆ ಫೋನ್ ಮಾಡಿ ಕಾಯಿಲೆಯ ಹೆಸರು ಹೇಳಿದೆ. ಷರಾ ಫೋನಿನಲ್ಲಿ ಹೇಳುವಂಥದಲ್ಲ. ಪ್ರಿಂಟ್ ತೆಗೆದುಕೊಂಡು ನಾನೇ ಬರುತ್ತೇನೆ ಎಂದೆ.

ಮಾರನೇ ದಿನ ಹೊಳೆನರಸೀಪುರಕ್ಕೆ ಹೊರಟೆ. ಬಸ್ಸು ಹೇಮಾವತಿಯ ಸೇತುವೆ ದಾಟುವಾಗ ಹೊಳೆ ತುಂಬಿತ್ತು, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನವಾಗಿತ್ತು. ಮಡಿಲಲ್ಲಿ ಒಂದು ಹಾಳೆ. ಅದು ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಸ್ಕೆಟ್ ಡಬ್ಬದಲ್ಲೋ ಅದಕ್ಕೂ ಹಿಂದಿನ ಯಾವುದೋ ಕಂಪ್ಯೂಟರಿನಲ್ಲೋ ಕಾದು ಕೂತಿದ್ದ ಮಾತು ಎಂದು ನೆನೆದಾಗ ಬಸ್ಸು, ಹೊಳೆ, ನಾನು ಎಲ್ಲ ಯಾವುದೋ ಕನಸಿನಲ್ಲಿ ಸಾಗುತ್ತಿರುವಂತೆ ಇತ್ತು.

ಸವಿತಾ ಡಾಕ್ಟರ ಕೋಣೆಯಲ್ಲಿ ಕೂತಿದ್ದಳು. ಕುತ್ತಿಗೆಗೆ ಅಳತೆ ಟೇಪ್ ಹಾಗೇ ನೇತಾಡುತ್ತಿತ್ತು, ಅಂಗಡಿಯಿಂದ ನೇರವಾಗಿ ಬಂದಿದ್ದಳು. ಡಾಕ್ಟರು ಹಾಳೆ ನೋಡಿ, ಷರಾ ಓದಿ, ನನ್ನ ಮುಖ ನೋಡಿದರು. ಆಮೇಲೆ ಹೇಳಿದರು, "ಸವಿತಾ, ನಿಮ್ಮಮ್ಮಂಗೆ ಬಂದಿದ್ದು ಕಾಮಾಲೆ ಅಲ್ಲ. ಅವ್ರು ನಿಂಗೆ ಒಂದು ಮಾತು ಬರೆಸಿಟ್ಟಿದ್ದಾರೆ. ಓದ್ಲಾ, ನೀನೇ ಓದ್ಕೋತೀಯಾ?"

ಅವಳು ಹಾಳೆ ತೆಗೆದುಕೊಂಡಳು. ಓದುವಾಗ ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿಸಿ, ಮೊದಲಿನಿಂದ ಮತ್ತೆ ಓದಿದಳು.

"ಆ ಏಳನೇ ಕ್ಲಾಸಲ್ಲಿ ನಂಗೆ ಅಮ್ಮನ ಮೇಲೆ ಬಾಳ ಕ್ವಾಪ ಇತ್ತು ಮೇಡಂ" ಎಂದಳು. "ಯಾವಾಗ್ಲೂ ಮಲ್ಗೇ ಇರ್ತಿತ್ತು. ಏನಾಗೈತೆ ಅಂತ ಕೇಳಿದ್ರೆ ಗ್ವಾಡೆ ಕಡೆ ತಿರುಗ್ಕಳದು. ನಂಗೆ ಏನೂ ಹೇಳದೆ ಓಯ್ತು ಅಂತ ಇಷ್ಟು ದಿನಾನೂ ಕ್ವಾಪ ಇತ್ತು."

ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೇವರಿಸಿದಳು.

"ಈಗ ದೊಡ್ಡೋಳಾಗಿವ್ನಲ್ಲ. ಹೇಳಿ ಮೇಡಂ."

ಡಾಕ್ಟರು ಎಲ್ಲವನ್ನೂ ಹೇಳಿದರು. ಬಹಳ ಹೊತ್ತು ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು, ಯಾರೂ ಬಾಗಿಲು ತಟ್ಟಲಿಲ್ಲ. ಅವತ್ತೇ ಸ್ಕ್ಯಾನಿಗೆ ಕಳಿಸಿದರು. ಎಡಗಡೆ ಅಂಡಾಶಯದಲ್ಲಿ ಸಣ್ಣದೊಂದು ಗಡ್ಡೆ ಕಂಡಿತು. ಇನ್ನೂ ಹರಡಿರಲಿಲ್ಲ. ಹಾಸನದಲ್ಲಿ ಆಪರೇಷನ್ ಆಯಿತು. ನಾನು ಎರಡು ಸಲ ವಾರ್ಡಿಗೆ ಹೋಗಿ ನೋಡಿ ಬಂದೆ. ಈಗ ಅವಳು ಮತ್ತೆ ಮಿಷನ್ ತುಳಿಯುತ್ತಿದ್ದಾಳೆ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾಳೆ.

ಉಳಿದಿದ್ದ ದಿನಗಳಲ್ಲಿ ನಾನು ಬೇರೆ ಕೆಲಸ ಮಾಡಲಿಲ್ಲ. ಹೊಸ ಜೋಡಣೆಯಲ್ಲಿ ಷರಾಕ್ಕೆ ಒಂದು ಜಾಗ ಮಾಡಿಸಿದೆ. ಅದು ಎಷ್ಟು ಸಲ ಬೇಕಾದರೂ ಬರುವಂತೆ ಮಾಡಿಸಿದೆ. ತೀರಿಕೊಂಡವರ ದಾಖಲೆಗಳನ್ನೆಲ್ಲ, ವೈದ್ಯರು ಮಾತ್ರ ನೋಡಬಹುದಾದ ಹಾಗೆ, ನಾಲ್ಕೂ ಊರಿನಿಂದ ಗೆರೆ ಎಳೆದು ತಂದೆ. ಕೊನೆಯ ದಿನ ಸಾಕಮ್ಮನವರ ದಾಖಲೆ ತೆರೆದು ನೋಡಿದೆ. ಆ ಮಾತುಗಳು ಅಲ್ಲಿ ಬಂದು ಕೂತಿದ್ದವು. ವೀಣಾ ಡಾಕ್ಟರನ್ನು ಕೇಳಿ, ಅವರು ಆಗಲಿ ಎಂದ ಮೇಲೆ, ಅದರ ಕೆಳಗೆ ಇನ್ನೊಂದು ಷರಾ ಬರೆದೆ:

'ಮಗಳಿಗೆ ಹೇಳಲಾಯಿತು.'